ಡ್ಯೂಕ್ ಸ್ಟ್ರೀಟಿನ ರೋಲ್ ಅಂಗಡಿ: ಐದಕ್ಕೆ ನಾಲ್ಕು

ಗ್ಲಾಸ್ಗೋಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಅಕ್ಕಾ, ಇಲ್ಲಿ ಬೆಳಿಗ್ಗೆ ತಿಂಡಿಗೆ ಏನ್ ಸಿಗುತ್ತೆ?" ಅಂತ. ದೋಸೆ ಸಿಗುತ್ತದೆ. ಆದರೆ ಬಸ್ಸು ಹತ್ತಬೇಕು, ಮಧ್ಯಾಹ್ನದವರೆಗೆ ಕಾಯಬೇಕು. ಬೆಳಿಗ್ಗೆ ಏಳಕ್ಕೇ ಹಸಿದವರಿಗೆ ಈ ಊರು ಕೊಡುವುದು ರೋಲ್. 2012ರಿಂದ ನಾನು ಹೋಗುತ್ತಿರುವ ರೋಲ್ ಅಂಗಡಿ ಡೆನಿಸ್ಟನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿದೆ. ಹೆಸರು ಹಾಕುತ್ತಿಲ್ಲ. ಹಾಕಲಾ ಎಂದು ಕೇಳಿದ್ದಕ್ಕೆ ಅಂಗಡಿಯಮ್ಮ, "ನಿನ್ನ ಕಥೆಗೆ ನನ್ನ ಬೋರ್ಡು ಯಾಕೆ?" ಅಂದರು. ಹಸಿರು ಶಟರು, ಗಾಜಿಗೆ ಅಂಟಿಸಿದ ಕೈಬರಹದ ದರಪಟ್ಟಿ, ಒಳಗೆ ಆರು ಮೇಜು. ಆ ಬೀದಿಯಲ್ಲಿ ಬೆಳಿಗ್ಗೆ ನಡೆದರೆ ಬಿಯರ್ ಕಾರ್ಖಾನೆಯ ಬೆಂದ ಬಾರ್ಲಿ ವಾಸನೆ ಬರುತ್ತದೆ. ಆ ವಾಸನೆ ಕಡಿಮೆಯಾಗಿ ಹುರಿದ ಬೆಣ್ಣೆಯ ವಾಸನೆ ಶುರುವಾದಲ್ಲಿ ಬಲಕ್ಕೆ ನೋಡಿ.

ಮೊದಲು ತಿಂಡಿ ವಿಷಯ. ಇಲ್ಲಿಯ ರೋಲ್ ಅಂದರೆ ನಮ್ಮ ಬೇಕರಿ ಬನ್ನಿನ ಗಾತ್ರದ್ದು, ಸಿಹಿ ಇಲ್ಲ. ಮೇಲ್ಭಾಗ ಕಪ್ಪಗೆ ಹೊತ್ತಿಸಿದ್ದೂ ಇರುತ್ತದೆ, 'ವೆಲ್ ಫೈರ್ಡ್' ಎಂದು ಕೇಳಬೇಕು. ಮೊದಲ ಸಲ ನನಗೆ ಅದು ಬಂದಾಗ ಸೀದುಹೋಗಿದೆ ಎಂದು ವಾಪಸ್ ಕೊಟ್ಟೆ. ನನ್ನ ಹಿಂದೆ ನಿಂತಿದ್ದ ಕೂಲಿಯವನು ಲಾಟರಿ ಹೊಡೆದವನಂತೆ ಅದನ್ನು ತೆಗೆದುಕೊಂಡು ಹೋದ. ಒಳಗೆ ತುಂಬಿಸಲು ನಮ್ಮಂಥವರಿಗೆ ಸರಿಯಾದದ್ದು ಟ್ಯಾಟಿ ಸ್ಕೋನ್: ಬೇಯಿಸಿದ ಆಲೂಗಡ್ಡೆಗೆ ಮೈದಾ, ಬೆಣ್ಣೆ, ಉಪ್ಪು ಹಾಕಿ ಕಲಸಿ, ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿದ ಮೂರು ಮೂಲೆಯ ತುಂಡು. ಅಮ್ಮ ಹಿಂದಿನ ದಿನ ಉಳಿದ ಆಲೂಗಡ್ಡೆ ಪಲ್ಯವನ್ನು ಚಪಾತಿ ಹಿಟ್ಟಿಗೆ ಸೇರಿಸಿ ಬಡಿಸುತ್ತಿದ್ದದ್ದಕ್ಕೆ ಇದು ದೂರದ ನೆಂಟ, ಖಾರವಿಲ್ಲ ಅಷ್ಟೆ. ನಾನು ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡೇ ಹೋಗುವುದು. ಕಾವಲಿ ಹತ್ತಿರ ನಿಲ್ಲುವ ಅಂಗಡಿಯಮ್ಮನ ಮಗರಾಯ ಒಂದು ದಿನ ಬೆರಳದ್ದಿ ನೆಕ್ಕಿದವನು, ಊರಿಗೆ ಹೋಗಿ ಬಂದಾಗಲೆಲ್ಲ ಡಬ್ಬಿ ತಂದೆಯಾ ಎಂದು ಕೇಳುತ್ತಾನೆ.

ಸಸ್ಯಾಹಾರಿಗಳು ಜೋಪಾನ. ಚೌಕಾಕಾರದ ಸಾಸೇಜೂ ಟ್ಯಾಟಿ ಸ್ಕೋನೂ ಒಂದೇ ಕಾವಲಿಯ ಮೇಲೆ ಬೇಯುತ್ತವೆ. ಕೇಳಿದರೆ ಬೇರೆ ಬಾಣಲೆ ಇಡುತ್ತಾರೆ, ಕೇಳದಿದ್ದರೆ ಇಲ್ಲ. ಬೇಳೆ ಸೂಪ್ ನೋಡಲು ನಮ್ಮ ತೊವ್ವೆಯಂತೇ ಇರುತ್ತದೆ, ಆದರೆ ಹಂದಿ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವ ದಿನಗಳೂ ಇವೆ. ಬಾಯಿಬಿಟ್ಟು ಕೇಳಿ. ಬ್ಲ್ಯಾಕ್ ಪುಡ್ಡಿಂಗ್ ಎಂದರೆ ಸಿಹಿಯಲ್ಲ, ರಕ್ತ. ನನ್ನ ಜೊತೆಗೆ ಬಂದ ಹಾಸನದ ಹುಡುಗಿಯೊಬ್ಬಳು ಪುಡ್ಡಿಂಗ್ ಎಂದು ಆಸೆಪಟ್ಟು ಆರ್ಡರ್ ಮಾಡಿದ್ದಳು, ಆ ಮುಖ ಈಗಲೂ ಕಣ್ಣ ಮುಂದಿದೆ. ಕಾಫಿ ಕೇಳಲೇಬೇಡಿ. ಡಬ್ಬದ ಪುಡಿಗೆ ಬಿಸಿನೀರು ಹುಯ್ದು ಕೊಡುತ್ತಾರೆ, ಮಲೆನಾಡಿನಿಂದ ಬಂದವಳಿಗೆ ಅದನ್ನು ಕಾಫಿ ಅನ್ನಲು ನಾಲಿಗೆ ಏಳುವುದಿಲ್ಲ. ಟೀ ಮಾತ್ರ ಗಟ್ಟಿ. ಅದರ ಜೊತೆಗೆ ಎಂಪೈರ್ ಬಿಸ್ಕೆಟ್: ಎರಡು ಬೆಣ್ಣೆ ಬಿಸ್ಕೆಟ್ ನಡುವೆ ಜಾಮ್, ಮೇಲೆ ಬಿಳಿ ಸಕ್ಕರೆ, ತುದಿಯಲ್ಲಿ ಒಂದು ಚೆರ್ರಿ. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಇದರ ಹೆಸರು ಜರ್ಮನ್ ಬಿಸ್ಕೆಟ್ ಆಗಿತ್ತಂತೆ. ಯುದ್ಧ ಬಂತು, ಜರ್ಮನ್ ಹೋಯಿತು, ಎಂಪೈರ್ ಬಂತು. ಎಂಪೈರ್ ಹೋದ ಮೇಲೆ ಮಾತ್ರ ಯಾರೂ ಹೆಸರು ಬದಲಿಸಲಿಲ್ಲ.

ರಿವ್ಯೂ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಅಂಗಡಿಗೆ ನಾನು ಹತ್ತು ವರ್ಷ ಒಂದು ಟೀ ದುಡ್ಡು ಬಾಕಿ ಇಟ್ಟುಕೊಂಡಿದ್ದೆ. ಅದನ್ನು ಹೇಳದೆ ನಾಲ್ಕು ನಕ್ಷತ್ರ ಕೊಟ್ಟರೆ ಆ ನಕ್ಷತ್ರಕ್ಕೆ ಬೆಲೆಯಿಲ್ಲ.

2014ರ ಸೆಪ್ಟೆಂಬರ್ 18, ಗುರುವಾರ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂದು ಜನರನ್ನೇ ಕೇಳಿದ ದಿನ. ನನಗೂ ಓಟಿತ್ತು. ಇದನ್ನು ಹೇಳಿದರೆ ಊರಿನಲ್ಲಿ ಈಗಲೂ ನಂಬುವುದಿಲ್ಲ. ಭಾರತದ ಪಾಸ್‌ಪೋರ್ಟು, ಕೆಲಸದ ವೀಸಾ, ಬಂದು ಎರಡು ವರ್ಷ. ಆದರೆ ಇಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶದವರಿಗೂ ಯುರೋಪಿಯನ್ ಯೂನಿಯನ್ ದೇಶದವರಿಗೂ ಓಟು ಕೊಟ್ಟಿದ್ದರು, 16 ತುಂಬಿದ ಮಕ್ಕಳಿಗೂ ಕೊಟ್ಟಿದ್ದರು. ಇದೇ ಡೆನಿಸ್ಟನ್ನಿನಲ್ಲಿ ಹುಟ್ಟಿ ಬೆಳೆದು ಲಂಡನ್ನಿಗೆ ಕೆಲಸಕ್ಕೆ ಹೋದವರಿಗೆ ಮಾತ್ರ ಇರಲಿಲ್ಲ. ಅಂಗಡಿಯಮ್ಮನ ಮಗಳು ಅಂಥವಳು. ಆ ಬೇಸಿಗೆಯಲ್ಲಿ ಒಂದು ದಿನ ಚಿಲ್ಲರೆ ಎಣಿಸಿಕೊಡುತ್ತ ಅವರು ಹೇಳಿದರು, "ನನ್ನ ಮಗಳ ಓಟು ನಿನ್ನ ಕೈಯಲ್ಲಿದೆ ಅಂದುಕೋ ಹೆನ್. ಜೋಪಾನವಾಗಿ ಹಾಕು." 'ಹೆನ್' ಎಂದರೆ ಕೋಳಿ, ಗ್ಲಾಸ್ಗೋದಲ್ಲಿ ಹೆಂಗಸರನ್ನು ಪ್ರೀತಿಯಿಂದ ಕರೆಯುವುದೇ ಹಾಗೆ. ನಮ್ಮಲ್ಲಿ 'ಏ ಕೂಸೆ' ಅನ್ನುವುದಿಲ್ಲವೇ.

ಆ ಮನೆಯವರೆಲ್ಲ ಯೆಸ್. ಮಗನ ಏಪ್ರನ್ನಿಗೆ ನೀಲಿ ಬ್ಯಾಡ್ಜು. ಬೀದಿಯ ಮೂರು ನಾಲ್ಕು ಅಂತಸ್ತಿನ ಕೆಂಪು ಕಲ್ಲಿನ ಮನೆಗಳ ಕಿಟಕಿ ಕಿಟಕಿಯಲ್ಲೂ ಯೆಸ್ ಪೋಸ್ಟರು. ಸೆಪ್ಟೆಂಬರ್ 7ರ ಭಾನುವಾರ ಒಂದು ಸಮೀಕ್ಷೆಯಲ್ಲಿ ಯೆಸ್ 51 ಎಂದು ಬಂದ ಮೇಲಂತೂ ಅಂಗಡಿಯಲ್ಲಿ ಮದುವೆಮನೆಯ ಸದ್ದು. ಮಗ ನನ್ನ ರೋಲಿನ ಕಾಗದದ ಮೇಲೆ ಪೆನ್ನಿನಲ್ಲಿ ಯೆಸ್ ಎಂದು ಬರೆದು ಕೊಡುತ್ತಿದ್ದ. ನಾನು ನಗುತ್ತಿದ್ದೆ. ನಕ್ಕಿದ್ದನ್ನು ಅವರು ಒಪ್ಪಿಗೆ ಅಂದುಕೊಂಡರು, ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ನನ್ನ ಲೆಕ್ಕ ಬೇರೆ ಇತ್ತು. ಊರಲ್ಲಿ ಮನೆ ಕಟ್ಟಿಸಲು ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು, ಕಂತು ಹೋಗುತ್ತಿದ್ದದ್ದು ನನ್ನ ಸಂಬಳದಿಂದ. ಸ್ವತಂತ್ರವಾದರೆ ಪೌಂಡನ್ನು ಹಂಚಿಕೊಳ್ಳುವ ಮಾತೇ ಇಲ್ಲ ಎಂದು ಲಂಡನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಫೆಬ್ರವರಿಯಲ್ಲೇ ಹೇಳಿದ್ದರು. ಹಂಚಿಕೊಳ್ಳುತ್ತೇವೆ ಎಂದು ಇಲ್ಲಿಯ ಮುಖ್ಯಮಂತ್ರಿ ಅಲೆಕ್ಸ್ ಸಾಲ್ಮಂಡ್ ಹೇಳುತ್ತಿದ್ದರು. ಇಬ್ಬರಲ್ಲಿ ಯಾರು ನಿಜ ಹೇಳುತ್ತಿದ್ದಾರೋ ತಿಳಿಯುವಷ್ಟರಲ್ಲಿ ನನ್ನ ಸಂಬಳ ಯಾವ ನೋಟಿನಲ್ಲಿ ಬರುತ್ತದೋ? ನನ್ನ ವೀಸಾ ಯಾವ ದೇಶದ್ದಾಗುತ್ತದೋ? ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಈ ಯೋಚನೆ ಬಂದರೆ ಬೆಳಗಿನವರೆಗೆ ಬಿಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಎದ್ದು ಹತ್ತಿರದ ಶಾಲೆಗೆ ಹೋದೆ. ಶಾಯಿ ಹಚ್ಚುತ್ತಾರೆಂದು ಅಭ್ಯಾಸಬಲದಿಂದ ಎಡಗೈ ಮುಂದೆ ಚಾಚಿದೆ. ಮೇಜಿನ ಹಿಂದಿನ ಹೆಂಗಸು ಸ್ವಲ್ಪ ಗಾಬರಿಯಾಗಿ ಆ ಕೈಯನ್ನು ಕುಲುಕಿದರು. ಗುರುತಿನ ಚೀಟಿ ಕೇಳಲಿಲ್ಲ, ಮಿಷಿನ್ ಇರಲಿಲ್ಲ. ಒಂದು ಚೀಟಿ, ಒಂದು ಪ್ರಶ್ನೆ, ಎರಡು ಚೌಕ, ದಾರ ಕಟ್ಟಿದ ಪೆನ್ಸಿಲ್. ನೋ ಎಂಬ ಚೌಕದಲ್ಲಿ ಗುಣಿಸು ಗುರುತು ಹಾಕಿ ಮಡಚಿ ಹಾಕಿದೆ.

ರಾತ್ರಿ ಡ್ಯೂಟಿ. ನನ್ನ ವಾರ್ಡಿನಲ್ಲಿ ಅವತ್ತು ಯಾರೂ ಸರಿಯಾಗಿ ಮಲಗಲಿಲ್ಲ. ಎದುರು ಬದುರು ಮಂಚದಲ್ಲಿ ಇಬ್ಬರು ಅಜ್ಜಂದಿರು, ಇಬ್ಬರ ಕಿವಿಯಲ್ಲೂ ಇಯರ್‌ಫೋನು. ರಾತ್ರಿ ಒಂದೂವರೆ ಸುಮಾರಿಗೆ ಮೊದಲ ಫಲಿತಾಂಶ, ಕ್ಲಾಕ್‌ಮನನ್‌ಶೈರ್. ನೋ. ಒಬ್ಬರು ಇಯರ್‌ಫೋನ್ ಕಿತ್ತು ಗೋಡೆ ಕಡೆ ತಿರುಗಿದರು. ಬೆಳಗಿನ ಜಾವ ಡಂಡೀ ಯೆಸ್ ಎಂದು ಬಂದಾಗ ಅವರನ್ನು ಎಬ್ಬಿಸಿ ಹೇಳಿದ್ದು ಎದುರು ಮಂಚದ ನೋ ಅಜ್ಜನೇ, "ಏಯ್, ನಿಮ್ಮವರು ಒಂದು ಗೆದ್ದಿದ್ದಾರೆ ನೋಡು." ಆಮೇಲೆ ಗ್ಲಾಸ್ಗೋ ಕೂಡ ಯೆಸ್, 53.5. ಆದರೆ ಅಷ್ಟು ಸಾಲುತ್ತಿರಲಿಲ್ಲ. ಇಡೀ ದೇಶದಲ್ಲಿ ಮತದಾನ 84.6 ಪ್ರತಿಶತವಿದ್ದರೆ ಗ್ಲಾಸ್ಗೋದಲ್ಲಿ 75, 32 ಜಿಲ್ಲೆಗಳಲ್ಲೇ ಕಡಿಮೆ. ಎಡಿನ್‌ಬರಾ 61ರಷ್ಟು ನೋ. ಆರು ಗಂಟೆ ದಾಟಿದ ಮೇಲೆ ಫೈಫ್ ಬಂತು, ಲೆಕ್ಕ ಮುಗಿಯಿತು. ಒಟ್ಟು ನೋ 20,01,926. ಯೆಸ್ 16,17,989. ಯೆಸ್ ಗೆದ್ದದ್ದು ಡಂಡೀ, ಗ್ಲಾಸ್ಗೋ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲ್ಯಾನಾರ್ಕ್‌ಶೈರ್, ಈ ನಾಲ್ಕೇ. ಬಿ.ಪಿ. ನೋಡಲು ಹೋದಾಗ ಗೋಡೆ ಕಡೆ ತಿರುಗಿದ್ದ ಅಜ್ಜ, "ಇವತ್ತು ಬರೆಯಬೇಡ ಸಿಸ್ಟರ್, ಜಾಸ್ತಿ ಇರುತ್ತೆ" ಅಂದರು. ಜಾಸ್ತಿಯೇ ಇತ್ತು, ಬರೆದೆ.

ಎಂಟು ಗಂಟೆಗೆ ಡ್ಯೂಕ್ ಸ್ಟ್ರೀಟಿಗೆ ಬಂದೆ. ಟೀವಿಯಲ್ಲಿ ಆಮೇಲೆ ತೋರಿಸಿದ್ದು ಬರೀ ಕುಣಿಯುವವರನ್ನು, ಅಳುವವರನ್ನು. ನಾನು ಕಂಡದ್ದು ಅದಲ್ಲ. ಬಸ್ ಸ್ಟಾಪಿನಲ್ಲಿ ಹನ್ನೆರಡು ಜನ ನಿಂತಿದ್ದರು, ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಗ್ಲಾಸ್ಗೋದವರು ಸುಮ್ಮನಿರುವ ಜನವಲ್ಲ, ಲಿಫ್ಟಿನಲ್ಲಿ ಎರಡು ಮಹಡಿ ಹತ್ತುವಷ್ಟರಲ್ಲಿ ತಮ್ಮ ಮಂಡಿನೋವಿನ ಚರಿತ್ರೆ ಹೇಳಿ ಮುಗಿಸುವವರು. ಅಂಥ ಊರು ಬಾಯಿ ಮುಚ್ಚಿಕೊಂಡಿತ್ತು. ಸಾವಿನ ಮನೆಯಲ್ಲಿ ಹೆಣ ಎತ್ತುವ ಮುಂಚಿನ ಹೊತ್ತು ಇರುತ್ತದಲ್ಲ, ಹಾಗೆ.

ಅಂಗಡಿಯಲ್ಲಿ ಆರು ಮೇಜೂ ತುಂಬಿದ್ದವು, ಮಾತಿಲ್ಲ. ಕಾವಲಿಯ ಚುರ್ ಸದ್ದು, ಮೇಲೆ ಎಕ್ಸಾಸ್ಟ್ ಫ್ಯಾನು. ಗೋಡೆಯ ಟೀವಿಯಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ತಮ್ಮ ಮನೆಯ ಕಪ್ಪು ಬಾಗಿಲಿನ ಮುಂದೆ ನಿಂತು ಮಾತಾಡಿದ್ದನ್ನು ಮತ್ತೆ ಹಾಕುತ್ತಿದ್ದರು. ಸ್ಕಾಟ್ಲೆಂಡಿಗೆ ಹೆಚ್ಚು ಅಧಿಕಾರ ಎಂದವರು ಅದೇ ಉಸಿರಿನಲ್ಲಿ ಇಂಗ್ಲೆಂಡಿನ ಕಾನೂನಿಗೆ ಇಂಗ್ಲೆಂಡಿನವರದ್ದೇ ಓಟು ಎಂದು ಶುರುಮಾಡಿದಾಗ ಮಗ ಸೌಟು ಹಿಡಿದುಕೊಂಡೇ ಬಂದು ಟೀವಿ ಆರಿಸಿದ. ಕಿಟಕಿ ಪಕ್ಕದಲ್ಲಿ ದಿನವೂ ಕೂರುವ ಹುಡುಗಿಯೊಬ್ಬಳ ಕಣ್ಣಿನ ಮಸಿ ಕೆನ್ನೆಗೆ ಇಳಿದಿತ್ತು. ಅವಳ ಮುಂದೆ ಅಂಗಡಿಯಮ್ಮ ಟೀ ಇಟ್ಟು, ದುಡ್ಡು ಬೇಡ ಎಂದು ಕೈಯಾಡಿಸಿದರು. ಆಮೇಲೆ ಪಕ್ಕದ ಮೇಜಿಗೆ. ಆಮೇಲೆ ಎಲ್ಲರಿಗೂ. ಕೇಳದೆಯೇ ಟೀ, ಬಿಟ್ಟಿ. ನನ್ನ ಮುಂದೆ ಇಟ್ಟು ಭುಜದ ಮೇಲೆ ಕೈ ಇಟ್ಟರು, "ನಾವು ಮಾಡೋದು ಮಾಡಿದ್ವಿ ಹೆನ್."

ನಾವು! ಟೀ ಕುಡಿದೆ. ಅಷ್ಟು ಬಿಸಿ ಟೀ ಅಷ್ಟು ಬೇಗ ಎಂದೂ ಕುಡಿದಿರಲಿಲ್ಲ.

ಅಲ್ಲಿ ಇನ್ನೊಬ್ಬರಿದ್ದರು. ಎಪ್ಪತ್ತು ದಾಟಿದ ಅಜ್ಜ, ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ದಿನಾ ಮೂಲೆ ಮೇಜು. ಅವರು ಬಾಗಿಲಿನ ಹೊರಗೆ ನಿಂತು ಕೋಟಿನಿಂದ 'ನೋ ಥ್ಯಾಂಕ್ಸ್' ಬ್ಯಾಡ್ಜು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದನ್ನು ಹಿಂದಿನಿಂದ ಬರುತ್ತಿದ್ದ ನಾನು ನೋಡಿದ್ದೆ. ಕೋಟಿನ ಮೇಲೆ ಪಿನ್ನಿನ ಎರಡು ತೂತು ಹಾಗೇ ಇತ್ತು. ಗೆದ್ದವರು ಬ್ಯಾಡ್ಜು ಬಿಚ್ಚಿ ಒಳಗೆ ಬರುವುದನ್ನು ನಾನು ನಮ್ಮೂರಿನ ಯಾವ ಚುನಾವಣೆಯಲ್ಲೂ ಕಂಡಿಲ್ಲ, ಅಲ್ಲಿ ಗೆದ್ದವರು ಪಟಾಕಿಯನ್ನು ಸೋತವರ ಬಾಗಿಲಲ್ಲೇ ಹಚ್ಚುವುದು. ಅವರಿಗೂ ಟೀ ಬಂತು. ಕುಡಿದರು, ಟೋಪಿ ಹಾಕಿಕೊಂಡರು, ಹೋದರು. ತಟ್ಟೆ ಎತ್ತಿದಾಗ ಅದರಡಿ ಒಂದು ಪೌಂಡಿನ ನಾಣ್ಯ. ಟೀ ಆಗ 90 ಪೆನ್ಸ್.

ಅವರು ಬಿಟ್ಟಿ ಟೀ ಕುಡಿಯಲಿಲ್ಲ, ನಾನು ಕುಡಿದೆ. ಇಷ್ಟೇ ನನ್ನ ಕಥೆ. ಹತ್ತು ವರ್ಷ ಚುಚ್ಚಿದ್ದು ನನ್ನ ಓಟಲ್ಲ, ಆ ಪೌಂಡು.

ಸಂಜೆ ಎದ್ದಾಗ ಸಾಲ್ಮಂಡ್ ರಾಜೀನಾಮೆ ಕೊಡುತ್ತೇನೆಂದು ಹೇಳಿಯಾಗಿತ್ತು. ಜಾರ್ಜ್ ಸ್ಕ್ವೇರಿನಲ್ಲಿ ಯೂನಿಯನ್ ಬಾವುಟದವರೂ ಯೆಸ್ ಬಾವುಟದವರೂ ಎದುರಾಗಿ, ನಡುವೆ ಪೊಲೀಸರು ನಿಲ್ಲಬೇಕಾಯಿತು. ಅದೇ ಜಾಗದಲ್ಲಿ ವಾರದ ಕೊನೆಗೆ ಜನ ಪಾಸ್ತಾ, ಬೀನ್ಸ್ ಡಬ್ಬ, ಮಕ್ಕಳ ಡಯಾಪರು ತಂದು ರಾಶಿ ಹಾಕಿದರು, ಬಡವರಿಗೆ ಹಂಚಲು. ಅಂಗಡಿಯಮ್ಮ ಎರಡು ಟ್ರೇ ರೋಲು ಕಳಿಸಿದರು. ಸೋತ ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು ಎಂದು ನನಗೆ ಅನಿಸಿದ್ದು.

ಶನಿವಾರ ಅಪ್ಪನ ಫೋನು. ನಮ್ಮದು ಶಿಕಾರಿಪುರ ತಾಲೂಕು. ಈಸೂರು ನಮಗೆ ಪಾಠದಲ್ಲಿ ಓದಿದ ಊರಲ್ಲ, ನೆಂಟರಿದ್ದ ಊರು. 1942ರಲ್ಲಿ ಬ್ರಿಟಿಷರ ಆಳ್ವಿಕೆ ನಮಗಿಲ್ಲ ಎಂದು ಘೋಷಿಸಿದ ಊರು, ಐದು ಜನ ನೇಣಿಗೇರಿದ ಊರು. "ಯಾವ ಕಡೆ ಹಾಕಿದ್ಯೇ?" ಅಂದರು. ಅಪ್ಪನಿಗೆ ಸುಳ್ಳು ಹೇಳಲಾಗಲಿಲ್ಲ. ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಊರಿನ ನಾಯಿ ಬೊಗಳುವುದು ಕೇಳಿಸಿತು. "ಏಸೂರು ಕೊಟ್ಟರೂ ಈಸೂರು ಕೊಡೆವು ಅಂದ ತಾಲೂಕಿನವಳು, ಅವರ ದೇಶಕ್ಕೇ ಹೋಗಿ ನೀವೇ ಇರಿ ಅಂದು ಬಂದ್ಯಾ?" ಮತ್ತೆ ಮೌನ. "ಹೋಗ್ಲಿ ಬಿಡು. ಯಾರಿಗೂ ಹೇಳಬೇಡ." ಆ ತಿಂಗಳ ಕಂತು ಕಳಿಸುವಾಗ ನೋಡಿದೆ, ಶುಕ್ರವಾರ ಬೆಳಿಗ್ಗೆ ಪೌಂಡ್ ಏರಿತ್ತು.

ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮೇಲೆ '45' ಎಂಬ ಸ್ಟಿಕರು ಬಂತು, ಯೆಸ್‌ಗೆ ಬಿದ್ದ 44.7ನ್ನು ಏರಿಸಿದ ಸಂಖ್ಯೆ. ಸೋತವರು ತಮ್ಮ ಸೋಲಿನ ಅಂಕೆಯನ್ನೇ ಬ್ಯಾಡ್ಜು ಮಾಡಿಕೊಂಡರು. ಮಗ ಸ್ವಾತಂತ್ರ್ಯ ಕೇಳುವ ಎಸ್‌ಎನ್‌ಪಿ ಪಕ್ಷದ ಸದಸ್ಯನಾದ. ಎರಡೇ ವಾರದಲ್ಲಿ ಆ ಪಕ್ಷದ ಸದಸ್ಯರು 25 ಸಾವಿರದಿಂದ 75 ಸಾವಿರ ದಾಟಿದ್ದರು. ಮರುವರ್ಷ ಮೇ ತಿಂಗಳಲ್ಲಿ ಲಂಡನ್ ಪಾರ್ಲಿಮೆಂಟಿನ ಸ್ಕಾಟ್ಲೆಂಡ್ ಸೀಟು 59ರಲ್ಲಿ 56 ಅವರಿಗೇ ಹೋದವು. ಸೋತವರ ಮೆರವಣಿಗೆ ಗೆದ್ದವರದ್ದಕ್ಕಿಂತ ದೊಡ್ಡದಾದದ್ದನ್ನು ನಾನು ನೋಡಿದ್ದು ಇಲ್ಲಿಯೇ.

ಆದರೆ ಆ ಅಕ್ಟೋಬರಿನಲ್ಲಿ ಅಂಗಡಿಯಲ್ಲಿ ಕೂರುವುದು ಕಷ್ಟವಾಗಿತ್ತು. ಪೆನ್ಸಿಲ್ ಗುರುತನ್ನು ರಾತ್ರಿ ಅಳಿಸಿದ್ದಾರೆ, ಯೆಸ್ ಕಟ್ಟನ್ನು ನೋ ಮೇಜಿಗೆ ಇಟ್ಟಿದ್ದಾರೆ ಎಂಬ ವಿಡಿಯೋಗಳು ಮೇಜಿಂದ ಮೇಜಿಗೆ ಹೋಗುತ್ತಿದ್ದವು. ಮಗ ಅವುಗಳನ್ನು ನಂಬುವಷ್ಟು ದಡ್ಡನಲ್ಲ. ಅವನ ಸಿಟ್ಟೆಲ್ಲ ಮುದುಕರ ಮೇಲೆ. ಮತದಾನದ ನಂತರ ಲಾರ್ಡ್ ಆಶ್‌ಕ್ರಾಫ್ಟ್ ಮಾಡಿಸಿದ ಸಮೀಕ್ಷೆಯಲ್ಲಿ 65 ದಾಟಿದವರಲ್ಲಿ 73 ಪ್ರತಿಶತ ನೋ, 16-17ರವರಲ್ಲಿ 71 ಪ್ರತಿಶತ ಯೆಸ್ ಎಂದು ಬಂದಿತ್ತು. "ಮಕ್ಕಳ ದೇಶವನ್ನು ಪಿಂಚಣಿಗೆ ಮಾರಿದರು" ಎಂದು ಸ್ಕೋನ್ ತಿರುವಿಹಾಕುತ್ತ ಹೇಳುತ್ತಿದ್ದ, ಮೂಲೆ ಮೇಜಿಗೆ ಕೇಳುವಂತೆ. ಆ 71 ಪ್ರತಿಶತ ಎಷ್ಟು ಮಕ್ಕಳನ್ನು ಕೇಳಿ ಬಂದದ್ದು ಗೊತ್ತೇ? ಹದಿನಾಲ್ಕು. ಅದು ನನಗೆ ಗೊತ್ತಿತ್ತು, ಬಾಯಿಗೆ ಬಂದಿತ್ತು, ಆದರೆ ನಾನು ನೋ ಎಂದು ತಿಳಿದುಬಿಟ್ಟರೆ? ರೋಲು ಕಚ್ಚಿದೆ. ಮೂಲೆಯ ಅಜ್ಜ ಪತ್ರಿಕೆ ಮಡಚಿ, "ನನ್ನ ಪಿಂಚಣಿ ನೋಡಿದ್ದೀಯೇನಪ್ಪ? ಮಾರೋಕೆ ಅಷ್ಟಿಲ್ಲ" ಎಂದರು. ಎರಡು ಮೇಜಿನವರು ನಕ್ಕರು. ಮಗನೂ ನಗು ತಡೆಯಲು ಕಾವಲಿ ಕಡೆ ತಿರುಗಿದ. ಮರುದಿನವೂ ಅವರು ಬಂದರು, ಮರುದಿನವೂ ಮಗ ಅವರ ರೋಲಿಗೆ ಸಾಸ್ ಜಾಸ್ತಿ ಹಾಕಿದ, ಅವರಿಗೆ ಹಾಗೇ ಬೇಕು. ಈ ಅಂಗಡಿಗೆ ನಾನು ಮಾರ್ಕು ಕೊಡುವುದು ಇಂಥದ್ದಕ್ಕೆ. ಅವರೇನೂ ಗಾಂಧಿ ಅನುಯಾಯಿಗಳಲ್ಲ, ಬೈಯುತ್ತಾರೆ. ಬೈಯುತ್ತಲೇ ಸರಿಯಾದ ರೋಲು ಕಟ್ಟಿಕೊಡುತ್ತಾರೆ.

ಆಮೇಲೆ 2016 ಬಂತು. ಸ್ವತಂತ್ರವಾದರೆ ಯುರೋಪಿನಿಂದ ಹೊರಬೀಳುತ್ತೀರಿ ಎಂದು ಹೆದರಿಸಿದ್ದರಲ್ಲ, ನೋ ಹಾಕಿದ ಸ್ಕಾಟ್ಲೆಂಡನ್ನು ಬ್ರಿಟನ್ನೇ ಯುರೋಪಿನಿಂದ ಹೊರಗೆ ಎಳೆದುಕೊಂಡು ಹೋಯಿತು. ಇಲ್ಲಿ 62 ಪ್ರತಿಶತ ಜನ ಉಳಿಯೋಣ ಎಂದಿದ್ದರೂ. ಅಂಗಡಿಯಲ್ಲಿ ಆಗ ತಟ್ಟೆ ತೊಳೆಯುತ್ತಿದ್ದ ಪೋಲೆಂಡಿನ ಹೆಂಗಸಿಗೆ 2014ರಲ್ಲಿ ಓಟಿತ್ತು, 2016ರಲ್ಲಿ ಇಲ್ಲ. ಶಿಕಾರಿಪುರದ ನನಗೆ ಎರಡರಲ್ಲೂ ಇತ್ತು. ಯುರೋಪಿನಲ್ಲಿ ಉಳಿಯಬೇಕೋ ಬೇಡವೋ ಎಂದು ಅವಳನ್ನು ಬಿಟ್ಟು ನನ್ನನ್ನು ಕೇಳಿದರು. "ನನ್ನ ಪರವಾಗಿ ಹಾಕು" ಅಂದಳು ಅವಳೂ. ಈ ಸಲ ಕೊಟ್ಟ ಮಾತಿನಂತೆ ಹಾಕಿದೆ, ಅದೂ ಸೋತಿತು.

ಮೂಲೆ ಮೇಜಿನ ಅಜ್ಜ 2020ರ ಏಪ್ರಿಲಿನಲ್ಲಿ ಹೋದರು. ಮಣ್ಣಿಗೆ ಹತ್ತಿಪ್ಪತ್ತು ಜನರಿಗೂ ಬಿಡದ ಕಾಲ ಅದು. ಶವದ ಗಾಡಿ ಡ್ಯೂಕ್ ಸ್ಟ್ರೀಟಿನಲ್ಲಿ ನಿಧಾನವಾಗಿ ಹೋಗುವಾಗ ಮಗ ಏಪ್ರನ್ ಹಾಕಿಕೊಂಡೇ ಶಟರಿನ ಮುಂದೆ ನಿಂತಿದ್ದ ಎಂದು ಅಂಗಡಿಯಮ್ಮ ಹೇಳಿದರು. ನಾನು ಡ್ಯೂಟಿಯಲ್ಲಿದ್ದೆ.

2024ರ ಸೆಪ್ಟೆಂಬರಿಗೆ ಹತ್ತು ವರ್ಷ. ಟೀವಿಯಲ್ಲಿ ಹಳೆಯ ಚಿತ್ರಗಳು ಓಡುತ್ತಿದ್ದವು. ಬ್ರಿಟನ್ನಿನ ಸುಪ್ರೀಂ ಕೋರ್ಟು ಎರಡು ವರ್ಷದ ಹಿಂದೆಯೇ, ಲಂಡನ್ ಒಪ್ಪದೆ ಇನ್ನೊಂದು ಜನಮತಗಣನೆಗೆ ಎಡಿನ್‌ಬರಾದ ಸ್ಕಾಟ್ಲೆಂಡ್ ಪಾರ್ಲಿಮೆಂಟು ಕಾನೂನು ಮಾಡುವಂತಿಲ್ಲ ಎಂದು ಬಾಗಿಲು ಹಾಕಿತ್ತು. ಅಂಗಡಿ ಹೆಚ್ಚುಕಮ್ಮಿ ಖಾಲಿ. ಅದೇನು ಹೊಳೆಯಿತೋ, ಕೌಂಟರಿಗೆ ಹೋಗಿ ಒಂದು ಪೌಂಡಿನ ನಾಣ್ಯ ಇಟ್ಟೆ.

"ಇದೇನು?"

"ಟೀ ದುಡ್ಡು. ಫಲಿತಾಂಶದ ದಿನ ಬಿಟ್ಟಿ ಕೊಟ್ಟಿದ್ದಿರಲ್ಲ. ನಾನು ನೋ ಹಾಕಿದ್ದೆ."

ಅಂಗಡಿಯಮ್ಮ ಕನ್ನಡಕದ ಮೇಲಿಂದ ನೋಡಿದರು. "ಬಿಟ್ಟಿ ಟೀ? ನಾನು? ಯಾವತ್ತೂ ಇಲ್ಲ."

"ಕೊಟ್ಟಿದ್ದೆ ಅಮ್ಮ," ಅಂದ ಮಗ ಕಾವಲಿಯಿಂದ. "ಹಾಲು ಮುಗಿದು ನಾನೇ ಹೋಗಿ ತಂದಿದ್ದೆ."

"ಹೌದಾ?" ಎಂದು ಅವರು ನಾಣ್ಯವನ್ನು ಬೆರಳಲ್ಲಿ ನನ್ನ ಕಡೆಗೆ ತಳ್ಳಿದರು. "ಹಾಗಾದರೆ ಒಂದು ಪೌಂಡ್ ಎಂಬತ್ತು."

"ಆಗ ತೊಂಬತ್ತು ಪೆನ್ಸ್ ಇತ್ತು."

"ಆಗ ಕೊಡಬೇಕಿತ್ತು."

ಕೊಟ್ಟೆ. ಮೆಷಿನ್ನಿನಲ್ಲಿ ಒತ್ತಿ ರಸೀದಿ ಕೂಡ ಹರಿದು ಕೊಟ್ಟರು. ಇಷ್ಟಕ್ಕೇ ಮುಗಿದಿದ್ದರೆ ನಗುತ್ತ ಹೇಳಿಕೊಳ್ಳಬಹುದಿತ್ತು. ಮಗ ನಗಲಿಲ್ಲ. "ಹತ್ತು ವರ್ಷ. ನೋ ಹಾಕಿದವರನ್ನು ನಾನು ಅಂದದ್ದನ್ನೆಲ್ಲ ನೀನು ಅಲ್ಲಿ ಕೂತು ಕೇಳಿಸಿಕೊಂಡೆಯಾ?" ಅಂದ. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಆಮೇಲೆ ಮೂರು ವಾರ ರೋಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಚಟ್ನಿಪುಡಿಯ ಡಬ್ಬಿ ಮೇಜಿನ ಮೇಲಿಟ್ಟರೂ ಕಣ್ಣೆತ್ತುತ್ತಿರಲಿಲ್ಲ.

ಅಕ್ಟೋಬರ್ 12ರ ಶನಿವಾರ ಸಾಲ್ಮಂಡ್ ದೂರದ ಉತ್ತರ ಮ್ಯಾಸಿಡೋನಿಯಾದಲ್ಲಿ ತೀರಿಕೊಂಡರು. ಸೋಮವಾರ ಹೋದಾಗ ಮಗ ಪತ್ರಿಕೆ ಹರಡಿಕೊಂಡು ನಿಂತಿದ್ದ. ಕೊನೆಯ ವರ್ಷಗಳಲ್ಲಿ ಅವರು ಬೇರೆ ಪಕ್ಷದ ನಾಯಕರಾದದ್ದಕ್ಕೆ ಇವನಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ನನ್ನ ಮುಂದೆ ತಟ್ಟೆ ಇಡುತ್ತ ಅಂದ, "ನಿನಗೆ ಓಟು ಕೊಟ್ಟಿದ್ದು ಇವನೇ ಅಲ್ವಾ." ಹೌದೆಂದೆ. "ಸರಿಯಾಗೇ ಮಾಡಿದ," ಅಂದು ಸ್ವಲ್ಪ ತಡೆದು, "ಡಬ್ಬಿ ಕೊಡು ಇಲ್ಲಿ" ಎಂದ.

ಒಂದು ನಕ್ಷತ್ರ ಕಡಿಮೆ ಮಾಡಿರುವುದು ಆ ಮೂರು ವಾರಕ್ಕಲ್ಲ, ಕಾಫಿಗೆ. ಬೆಳಿಗ್ಗೆ ಆರೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಎರಡಕ್ಕೆ ಶಟರು, ಭಾನುವಾರ ರಜೆ. ಕಾರ್ಡು ನಡೆಯುತ್ತದೆ, ಐದು ಪೌಂಡಿಗಿಂತ ಕಡಿಮೆಯಾದರೆ ಮುಖ ಸಿಂಡರಿಸುತ್ತಾರೆ. ಟ್ಯಾಟಿ ಸ್ಕೋನ್ ಜೊತೆ ಮೊಟ್ಟೆ ತಿನ್ನುವವರು ಹಳದಿ ಗಟ್ಟಿಯಾಗಬೇಕಾದರೆ ಮೊದಲೇ ಹೇಳಿ. ಶೌಚಾಲಯ ಕೆಳಗಿದೆ, ಮೆಟ್ಟಿಲು ಕಡಿದು, ತಲೆ ಬಗ್ಗಿಸಿ ಇಳಿಯಬೇಕು. ಮೂಲೆ ಮೇಜಿನಲ್ಲಿ ಯಾರು ಬೇಕಾದರೂ ಕೂರಬಹುದು, ಎಡಗಡೆಯ ಕುರ್ಚಿ ಅಲ್ಲಾಡುತ್ತದೆ.